ಪನ್ನೀರಿನ ಘಮ, ಗ್ಲಾಡಿಯೇಟರ್‌ನ ಕೆಂಪು: ತಾರಸಿಯ ಮೇಲೆ ಹೊಸ ಗುಲಾಬಿ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ತಾರಸಿಯಲ್ಲಿ ಹನ್ನೆರಡು ಕುಂಡ ಗುಲಾಬಿ ಇವೆ. ಕೆಂಪು ಗ್ಲಾಡಿಯೇಟರ್ ಚೆನ್ನಾಗಿ ಬಿಡುತ್ತದೆ, ಆದರೆ ಘಮ ಸಾಲದು. ಚಳ್ಳಕೆರೆಯ ತವರಿನಿಂದ ತಂದ ಪನ್ನೀರು ಗುಲಾಬಿಗೆ ಘಮ ತುಂಬಾ ಇದೆ, ಆದರೆ ಹೂವು ಬೆಳಿಗ್ಗೆ ಅರಳಿ ಸಂಜೆಗೆ ಉದುರುತ್ತದೆ. ಎರಡೂ ಗುಣ ಒಂದೇ ಗಿಡದಲ್ಲಿ ಬರಲಿ ಅಂತ ಏಪ್ರಿಲ್‌ನಲ್ಲಿ ಇಯರ್ ಬಡ್‌ನಿಂದ ಅರಳಿದ ಹೂವುಗಳಿಗೆ ಪರಾಗ ಸವರಿದೆ. ನಾಲ್ಕು ಕಾಯಿ ಕಟ್ಟಿದವು, ಮೇ ತಿಂಗಳಲ್ಲಿ ಮೂರು ಉದುರಿದವು. ಉಳಿದ ಒಂದು ಆಗಸ್ಟ್‌ನಲ್ಲಿ ಹಣ್ಣಾಯಿತು. ಅದರ ಒಂಬತ್ತು ಬೀಜ ಕುಂಡಕ್ಕೆ ಹಾಕಿದೆ. ಎರಡು ತಿಂಗಳಾಯಿತು, ಒಂದೂ ಮೊಳೆತಿಲ್ಲ. ಎಲ್ಲಿ ತಪ್ಪಿದೆ? ಮನೆಯಲ್ಲಿ ಇದು ಆಗುವ ಕೆಲಸವೇ? ನೀಲಿ ಗುಲಾಬಿ ಮಾಡಬಹುದೇ? ಹೊಸ ಹೂವು ಬಂದರೆ ನಮ್ಮ ಅಜ್ಜಿಯ ಹೆಸರು ಇಡಬಹುದೇ? ಆ ಬೀಜದ ಕುಂಡ ಖಾಲಿ ಮಾಡಿಬಿಡಲೇ?

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಕಾಂಕ್ರೀಟ್ ತಾರಸಿಯ ಮೇಲೆ, ಒಂದು ಗುಲಾಬಿ ಕಾಯಿಯನ್ನು ಹಣ್ಣಾಗುವವರೆಗೆ ಉಳಿಸಿಕೊಂಡಿದ್ದೀರಿ. ಅದು ಸಣ್ಣ ಕೆಲಸವಲ್ಲ. ಇದು ಖಂಡಿತ ಮನೆಯಲ್ಲಿ ಆಗುವ ಕೆಲಸ. ನಾನು ಚಿತ್ರದುರ್ಗದಲ್ಲಿ ನನ್ನ ಮನೆಯ ತಾರಸಿಯ ಮೇಲೇ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ.

ನಿಮ್ಮ ಕಡೆ ಮೂರು ಕಡೆ ತಪ್ಪಿದೆ. ತಿಂಗಳು ತಪ್ಪಿದೆ, ಹೂವು ಅರಳಿದ ಮೇಲೆ ಪರಾಗ ಸವರಿದ್ದೀರಿ, ಬೀಜಕ್ಕೆ ತಂಪು ಸಿಕ್ಕಿಲ್ಲ. ಆದರೆ ಇವೆಲ್ಲಕ್ಕಿಂತ ಮೊದಲಿನ ಮಾತೊಂದಿದೆ: ತಾಯಿ ಗಿಡ, ಅಂದರೆ ಪರಾಗ ಪಡೆದು ಕಾಯಿ ಕಟ್ಟುವ ಗಿಡ, ಯಾವುದು? ನೀವು ಅದನ್ನು ಬರೆದೇ ಇಲ್ಲ. ಹೆಚ್ಚಿನವರು ಅದನ್ನು ಯೋಚಿಸುವುದೇ ಇಲ್ಲ.

ನಮ್ಮಲ್ಲಿ ಗುಲಾಬಿ ಗಿಡ ಇಲ್ಲದ ಮನೆ ಕಡಿಮೆ, ಗುಲಾಬಿ ಕಾಯಿ ನೋಡಿದವರು ಇನ್ನೂ ಕಡಿಮೆ. ಕಾರಣ ಗೊತ್ತೇ ಇದೆ. ಹೂವು ಅರಳುತ್ತಲೇ ದೇವರ ಮುಡಿಗೋ ಜಡೆಗೋ ಹೋಗುತ್ತದೆ. ಗಿಡದಲ್ಲೇ ಬಿಟ್ಟರೆ ಅಲ್ವಾ ಕಾಯಿ ಕಟ್ಟುವುದು? ಹಾಗಾಗಿ ಯಾವ ಗಿಡ ಕಾಯಿ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎನ್ನುವುದು ಮನೆಯವರಿಗೇ ಗೊತ್ತಿರುವುದಿಲ್ಲ. ಎಲ್ಲ ಗುಲಾಬಿಯೂ ತಾಯಿಯಾಗುವುದಿಲ್ಲ. ಕೆಲವು ಗಿಡ ಹೂವು ಸುರಿಸುತ್ತವೆ, ಕಾಯಿ ಮಾತ್ರ ಒಂದೂ ನಿಲ್ಲಿಸುವುದಿಲ್ಲ. ಇನ್ನು ಕೆಲವು ಸುಮ್ನೆ ಬಿಟ್ಟರೂ ಗಾಳಿಗೋ ಜೇನಿಗೋ ಕಾಯಿ ಕಟ್ಟುತ್ತವೆ. ತಾಯಿಯನ್ನು ಹೂವಿನ ಅಂದ ನೋಡಿ ಆರಿಸಬೇಡಿ, ಕಾಯಿ ಹಿಡಿಯುವ ಗುಣ ನೋಡಿ ಆರಿಸಿ. ಅಂದ ತಂದೆಯ ಕಡೆಯಿಂದ, ಅಂದರೆ ಪರಾಗ ಕೊಡುವ ಗಿಡದಿಂದ ಬರಲಿ. ಬಣ್ಣ, ಘಮಗಳ ಮಟ್ಟಿಗೆ ಯಾವುದು ತಾಯಿ, ಯಾವುದು ತಂದೆ ಎನ್ನುವುದರಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ.

ಪರೀಕ್ಷೆ ಸುಲಭ. ಪ್ರತಿ ಗಿಡದಲ್ಲೂ ಐದು ಹೂವನ್ನು ಕೀಳದೆ ಬಿಡಿ. ಎಸಳು ತಾನಾಗಿ ಉದುರಲಿ. ಹೂವಿನ ಬುಡದ ಉಬ್ಬು ಮೂರು ವಾರ ಆದ ಮೇಲೂ ಹಸಿರಾಗಿದ್ದು, ದುಂಡಗಾಗುತ್ತಾ, ತೊಟ್ಟು ದಪ್ಪ ಆಗುತ್ತಾ ಬಂದರೆ ಅದೇ ನಿಮ್ಮ ತಾಯಿ ಗಿಡ. ಹಳದಿಯಾಗಿ ಉದುರಿದರೆ ಆ ಗಿಡದಿಂದ ಪರಾಗ ಮಾತ್ರ ತೆಗೆದುಕೊಳ್ಳಿ. ಎಸಳು ತುಂಬಾ ಜಾಸ್ತಿ ಇರುವ ಹೂವಿನಲ್ಲಿ ಪರಾಗವೂ ಕಡಿಮೆ, ಯಾಕೆಂದರೆ ಪರಾಗ ಹೊರುವ ಕೇಸರವಾಗಬೇಕಾದದ್ದೇ ಅಲ್ಲಿ ಎಸಳಾಗಿರುತ್ತದೆ. ಸ್ವಲ್ಪ ಬಿಡಿಬಿಡಿಯಾದ ಹೂವೇ ಈ ಕೆಲಸಕ್ಕೆ ಒಳ್ಳೆಯದು.

ಕಾಯಿ ನಿಲ್ಲದಿರಲು ಇನ್ನೊಂದು ಕಾರಣ ಗಿಡದ ಒಳಗೇ ಇದೆ. ಗುಲಾಬಿಯಲ್ಲಿ ಕ್ರೋಮೋಸೋಮ್, ಅಂದರೆ ತಂದೆ ತಾಯಿಯ ಗುಣ ಹೊತ್ತು ತರುವ ಎಳೆಗಳು, ಏಳರ ಲೆಕ್ಕದಲ್ಲಿ ಇರುತ್ತವೆ. ಅನೇಕ ಕಾಡು ಗುಲಾಬಿಗಳಲ್ಲಿ 14. ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ಹೈಬ್ರಿಡ್ ಟೀ, ಗೊಂಚಲು ಹೂವಿನ ಫ್ಲೋರಿಬಂಡಾಗಳಲ್ಲಿ ಹೆಚ್ಚಿನವಕ್ಕೆ 28. 28ಕ್ಕೂ 14ಕ್ಕೂ ಸಂಬಂಧ ಮಾಡಿದರೆ ಮಗುವಿಗೆ 21 ಬರುತ್ತದೆ. ಆ ಗಿಡ ಚೆನ್ನಾಗಿ ಬೆಳೆಯಬಹುದು, ಹೂವೂ ಬಿಡಬಹುದು. ಆದರೆ ಜೋಡಿ ಸರಿಹೋಗದೆ ಅದರ ಬೀಜ ಕಟ್ಟುವ ಶಕ್ತಿ ಬಹಳ ಕುಗ್ಗಿರುತ್ತದೆ. ಪನ್ನೀರು ಗುಲಾಬಿ ಎನ್ನುವ ಹೆಸರನ್ನು ಊರೂರಿಗೆ ಬೇರೆ ಬೇರೆ ಗಿಡಕ್ಕೆ ಇಟ್ಟಿದ್ದಾರೆ. ಘಮಕ್ಕೆ ಹೆಸರಾದ ಹಳೆಯ ಡಮಾಸ್ಕ್ ಗುಂಪಿನದಾದರೆ 28 ಇರುತ್ತದೆ, ಗ್ಲಾಡಿಯೇಟರ್‌ನಂಥ ಹೈಬ್ರಿಡ್ ಟೀ ಜೊತೆ ಲೆಕ್ಕ ಕೂಡಿಬರುತ್ತದೆ. ನೀವು ಕ್ರೋಮೋಸೋಮ್ ಎಣಿಸುತ್ತಾ ಕೂರಬೇಕಿಲ್ಲ. ಎರಡೂ ದಿಕ್ಕಿನಲ್ಲಿ ಕ್ರಾಸ್ ಮಾಡಿ. ಪನ್ನೀರಿನ ಪರಾಗ ಗ್ಲಾಡಿಯೇಟರ್‌ಗೆ, ಗ್ಲಾಡಿಯೇಟರ್ ಪರಾಗ ಪನ್ನೀರಿಗೆ. ಯಾವ ಕಡೆ ಕಾಯಿ ನಿಲ್ಲುತ್ತದೋ ಆ ದಾರಿ ಹಿಡಿಯಿರಿ.

ಈಗ ತಿಂಗಳ ವಿಷಯ. ನಮ್ಮ ಸೀಮೆಗೆ ಇದೇ ದೊಡ್ಡದು. ವಿದೇಶದ ಪುಸ್ತಕಗಳಲ್ಲಿ ವಸಂತದಲ್ಲಿ ಕ್ರಾಸ್ ಮಾಡಿ ಅಂತ ಬರೆದಿರುತ್ತದೆ. ಅಲ್ಲಿಯ ವಸಂತ ತಂಪು. ನಮ್ಮ ಯುಗಾದಿಯ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಕಾದ ಹೆಂಚು. ಅಷ್ಟು ಬಿಸಿಲಿಗೆ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂವಿನ ನಡುವಿನ ಅಂಟು ಮಧ್ಯಾಹ್ನದೊಳಗೆ ಒಣಗುತ್ತದೆ, ಕಟ್ಟಿದ ಎಳೆ ಕಾಯಿಯನ್ನು ಗಿಡವೇ ಬಿಟ್ಟುಕೊಡುತ್ತದೆ. ನಿಮ್ಮ ಮೂರು ಕಾಯಿ ಮೇ ತಿಂಗಳಲ್ಲಿ ಉದುರಿದ್ದಕ್ಕೆ ನಾನು ಬಿಸಿಲನ್ನೇ ದೂರುತ್ತೇನೆ, ನಿಮ್ಮ ಕೈಯನ್ನಲ್ಲ.

ಈಗ ಅಕ್ಟೋಬರ್. ಗಿಡ ಸವರುವ, ಅಂದರೆ ಕೊಂಬೆ ಕತ್ತರಿಸುವ ಕಾಲ. ಈ ವಾರ ಸವರಿ, ಗೊಬ್ಬರ ಕೊಟ್ಟರೆ ಸುಮಾರು ನಲವತ್ತೈದು ದಿನಕ್ಕೆ ಹೂವು ಬರುತ್ತದೆ. ಅಂದರೆ ನವೆಂಬರ್ ಕೊನೆ. ಅಲ್ಲಿಂದ ಜನವರಿ ಮೊದಲ ವಾರದವರೆಗೆ ನಿಮ್ಮ ಕಾಲ. ಬೆಳಿಗ್ಗೆ ಚಳಿ, ಹಗಲು ಹಿತವಾದ ಬಿಸಿಲು, ಮಳೆ ಇಲ್ಲ. ಗುಲಾಬಿ ಕಾಯಿ ಹಣ್ಣಾಗಲು ಮೂರೂವರೆಯಿಂದ ನಾಲ್ಕು ತಿಂಗಳು ಬೇಕು. ಡಿಸೆಂಬರ್‌ನಲ್ಲಿ ಹಿಡಿದ ಕಾಯಿ ಬಿಸಿಲು ಏರುವ ಹೊತ್ತಿಗೆ ಬಲಿತಿರುತ್ತದೆ, ಬಲಿತ ಕಾಯಿ ಅಷ್ಟು ಸುಲಭವಾಗಿ ಉದುರುವುದಿಲ್ಲ. ಜೂನ್‌ನಲ್ಲಿ ಸವರಿ ಜುಲೈ ಕೊನೆಗೆ ಕ್ರಾಸ್ ಮಾಡುವವರೂ ಇದ್ದಾರೆ. ಸೋನೆ ಮಳೆಗೆ ಪರಾಗ ತೊಳೆದುಹೋಗುತ್ತದೆ, ಕಾಯಿಗೆ ಕೊಳೆ ಬರುತ್ತದೆ. ನನಗೆ ಅದು ಹಿಡಿಸಲಿಲ್ಲ.

ಇನ್ನು ಕೈಕೆಲಸ. ಇದನ್ನು ನಿಧಾನವಾಗಿ ಹೇಳುತ್ತೇನೆ, ಎದುರಿಗೆ ಗಿಡ ಇದೆ ಅಂದುಕೊಳ್ಳಿ.

ಬೆಳಿಗ್ಗೆ ಆರೂವರೆ, ಏಳು ಗಂಟೆ. ತಾಯಿ ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಹುಡುಕಿ. ಹೊರಗಿನ ಒಂದೆರಡು ಎಸಳು ಸಡಿಲವಾಗಿರಬೇಕು, ನಡು ಇನ್ನೂ ಮುಚ್ಚಿರಬೇಕು. ಪೂರ್ತಿ ಅರಳಿದ ಹೂವು ಬೇಡ. ಅದರ ಸ್ವಂತ ಪರಾಗ ಅಷ್ಟರಲ್ಲಿ ಸಿಡಿದು ನಡುವಿಗೆ ಬಿದ್ದಿರುತ್ತದೆ, ಜೇನೂ ಬಂದು ಹೋಗಿರುತ್ತದೆ. ನೀವು ಏಪ್ರಿಲ್‌ನಲ್ಲಿ ಸವರಿದ್ದು ಅಂಥ ಹೂವಿಗೆ. ಉಳಿದ ಆ ಒಂದು ಕಾಯಿಗೂ ತಂದೆ ಯಾರು ಅಂತ ಹೇಳಲು ಬರುವುದಿಲ್ಲ.

ಎಡಗೈಯಲ್ಲಿ ಮೊಗ್ಗಿನ ಬುಡ ಹಿಡಿದು ಎಸಳುಗಳನ್ನು ಒಂದೊಂದಾಗಿ ತಿರುಚಿ ಕೀಳಿ. ಕೆಳಗಿನ ಐದು ಹಸಿರು ಎಸಳು ಇರಲಿ. ಕೊನೆಯ ಎಸಳು ಬಂದ ಮೇಲೆ ನಡುವೆ ಒಂದು ಪುಟ್ಟ ಕುಂಚ ಕಾಣುತ್ತದೆ, ಅದರ ಸುತ್ತ ಸಣ್ಣ ಕಡ್ಡಿಗಳ ತುದಿಯಲ್ಲಿ ಹಳದಿ ಕಾಳುಗಳ ಒಂದು ಬಳೆ. ಕುಂಚ ಹೆಣ್ಣು, ಬಳೆ ಗಂಡು. ಕಾಳು ಈಗ ನುಣ್ಣಗೆ, ಉಬ್ಬಿಕೊಂಡು, ಬಾಯಿ ಮುಚ್ಚಿರಬೇಕು. ಮುಟ್ಟಿದರೆ ಬೆರಳಿಗೆ ಪುಡಿ ಹತ್ತಿದರೆ ತಡವಾಯಿತು, ಬೇರೆ ಮೊಗ್ಗು ನೋಡಿ. ಹತ್ತಲಿಲ್ಲ ಅಂದರೆ ಹುಬ್ಬು ತೆಗೆಯುವ ಚಿಮಟದಿಂದ ಕಾಳುಗಳನ್ನು ಸುತ್ತಲೂ ಒಂದೂ ಬಿಡದೆ ಕಿತ್ತುಬಿಡಿ. ನಡುವಿನ ಕುಂಚಕ್ಕೆ ಚಿಮಟ ತಾಗಬಾರದು. ಆಮೇಲೆ ಕಾಗದದ ಸಣ್ಣ ಪೊಟ್ಟಣ ಹೊದಿಸಿ, ನಮ್ಮ ಮಂಡಕ್ಕಿ ಪೊಟ್ಟಣದ ಮರಿಯಂಥದ್ದು, ತೊಟ್ಟಿಗೆ ದಾರ ಸುತ್ತಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ.

ಅದೇ ಬೆಳಿಗ್ಗೆ ತಂದೆ ಗಿಡದಿಂದಲೂ ಇಂಥದೇ ಮೊಗ್ಗು ತೆಗೆದು, ಅದರ ಹಳದಿ ಕಾಳುಗಳನ್ನು ಬಿಳಿ ಕಾಗದದ ಮೇಲೋ ಸ್ಟೀಲ್ ತಟ್ಟೆಯಲ್ಲೋ ಉದುರಿಸಿ. ನೆರಳಿನಲ್ಲಿ, ಫ್ಯಾನ್ ಗಾಳಿ ಬೀಸದ ಕಡೆ ಒಂದು ದಿನ ಇಡಿ. ಮರುದಿನ ಕಾಳು ಒಣಗಿ ಒಡೆದಿರುತ್ತದೆ. ತಟ್ಟೆ ಅಲುಗಿಸಿದರೆ ಅರಿಶಿನಕ್ಕಿಂತ ನುಣುಪಾದ ಪುಡಿ ಕೆಳಗೆ ನಿಲ್ಲುತ್ತದೆ. ಅದೇ ನಿಮ್ಮ ಬಂಡವಾಳ. ಬೇಕಾದರೆ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ಬಾಳುತ್ತದೆ. ಹೊಸ ಬೂಟಿನ ಡಬ್ಬಿಯಲ್ಲಿ ಬರುತ್ತದಲ್ಲ, ಆ ಪೊಟ್ಟಣವೇ ಸಾಕು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಪೊಟ್ಟಣ ಬಿಚ್ಚಿ ನೋಡಿ. ಕುಂಚದ ತುದಿ ಮಿಣಮಿಣ ಹೊಳೆಯುತ್ತಾ ಅಂಟಂಟಾಗಿದ್ದರೆ ಹೊತ್ತು ಬಂದಿದೆ. ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ, ಇಲ್ಲವೇ ತೊಳೆದು ಒರೆಸಿದ ಬೆರಳಿನಿಂದ ಪುಡಿ ಮುಟ್ಟಿಸಿ. ನನಗೆ ಬೆರಳೇ ಇಷ್ಟ, ಎಷ್ಟು ಹತ್ತಿತು ಅಂತ ತಿಳಿಯುತ್ತದೆ. ಇಯರ್ ಬಡ್‌ನ ಹತ್ತಿ ಪುಡಿಯನ್ನು ತಾನೇ ನುಂಗಿಬಿಡುತ್ತದೆ. ಅದರ ಮಾರನೇ ದಿನ ಇನ್ನೊಂದು ಸಲ ಮುಟ್ಟಿಸಿ. ಪ್ರತಿ ಸಲವೂ ಪೊಟ್ಟಣ ಮತ್ತೆ ಹೊದಿಸಿ, ಒಂದು ವಾರ ಆದ ಮೇಲೆ ತೆಗೆಯಿರಿ.

ಚೀಟಿ ಕಟ್ಟುವುದನ್ನು ಮರೆಯಬೇಡಿ. ತಾಯಿ ಹೆಸರು ಮೊದಲು, ಆಮೇಲೆ ಗುಣಾಕಾರದ ಗುರುತು, ಆಮೇಲೆ ತಂದೆ ಹೆಸರು, ತಾರೀಖು. ಪೆನ್ಸಿಲ್‌ನಲ್ಲೇ ಬರೆಯಿರಿ. ಮೊದಲ ವರ್ಷ ನಾನು ಪೆನ್ನಿನಲ್ಲಿ ಬರೆದಿದ್ದೆ. ಒಂದು ಅಕಾಲದ ಮಳೆಗೆ ಹದಿನೇಳು ಚೀಟಿ ಬೆಳ್ಳಗಾದವು. ಆ ವರ್ಷದ ಒಂದು ಸಸಿ ಕಿತ್ತಳೆ ಬಣ್ಣದ ಒಳ್ಳೆ ಹೂವು ಬಿಟ್ಟಿತು, ಇವತ್ತಿಗೂ ಅದರ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ. ಆ ಜೋಡಿಯನ್ನು ಮತ್ತೆ ಸೇರಿಸಲು ಆಗಲೇ ಇಲ್ಲ ಎನ್ನುವ ಕೊರಗು ಇನ್ನೂ ಹೋಗಿಲ್ಲ.

ಕಾಯಿ ಹಸಿರು ಬಿಟ್ಟು ಹಳದಿಗೋ ಕಿತ್ತಳೆಗೋ ತಿರುಗಿದಾಗ ಕೊಯ್ಯಿರಿ. ಅಳಿಲು, ಪಿಕಳಾರ ಹಕ್ಕಿ ನಿಮಗಿಂತ ಮೊದಲು ನೋಡುತ್ತವೆ, ಹಳೆ ಸೊಳ್ಳೆ ಪರದೆಯ ತುಂಡು ಕಟ್ಟಿಡಿ. ಕಾಯಿಯನ್ನು ಸುತ್ತಲೂ ಗೀರಿ ಬಿಡಿಸಿ, ನಡುವೆ ಕತ್ತರಿಸಿದರೆ ಬೀಜ ತುಂಡಾಗುತ್ತದೆ. ಒಳಗೆ ಬೀಜದ ಸುತ್ತ ನವಿರಾದ ರೋಮ ಇರುತ್ತದೆ. ಅದು ಚರ್ಮಕ್ಕೆ ತಾಗಿದರೆ ವಿಪರೀತ ತುರಿಕೆ, ಮಕ್ಕಳ ಕೈಗೆ ಕೊಡಬೇಡಿ. ಬೀಜ ತೊಳೆದು, ತಿರುಳು ಚೂರೂ ಉಳಿಯದಂತೆ ಉಜ್ಜಿ, ನೆರಳಲ್ಲಿ ಆರಿಸಿ. ಒಂದು ಕಾಯಲ್ಲಿ ಎರಡು ಬೀಜವೂ ಇರಬಹುದು, ಮೂವತ್ತೂ ಇರಬಹುದು. ನೀರಲ್ಲಿ ತೇಲುವುದು ಜೊಳ್ಳು ಅಂತಾರೆ. ಬಹುಪಾಲು ಹೌದು. ಆದರೂ ನಾನು ಎಸೆಯುವುದಿಲ್ಲ, ಅವಕ್ಕೂ ಕುಂಡದ ಒಂದು ಮೂಲೆ ಕೊಡುತ್ತೇನೆ.

ಇಲ್ಲಿ ನಿಮ್ಮ ಮೂರನೇ ತಪ್ಪು. ಗುಲಾಬಿ ಬೀಜದ ಸಿಪ್ಪೆ ಗಟ್ಟಿ, ಅದರಲ್ಲಿ ಮೊಳಕೆಯನ್ನು ತಡೆದು ಹಿಡಿಯುವ ವಸ್ತುವೂ ಇರುತ್ತದೆ. ಚಳಿ ದೇಶದಲ್ಲಿ ಬೀಜ ಉದುರಿದ ಕೂಡಲೇ ಮೊಳೆತರೆ ಹಿಮಕ್ಕೆ ಸಾಯುತ್ತದೆ. ಹಾಗಾಗಿ ಒಂದು ಚಳಿಗಾಲ ಕಳೆದ ಮೇಲೆಯೇ ಅದು ಏಳುವುದು. ನಮ್ಮಲ್ಲಿ ಅಂಥ ಚಳಿ ಇಲ್ಲ, ಫ್ರಿಜ್ ಇದೆ. ಏಪ್ರಿಲ್‌ನಲ್ಲಿ ಸಿಕ್ಕ ಬೀಜವನ್ನು ಕಾಗದದ ಕವರಿನಲ್ಲಿ ಹಾಗೇ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ. ಸೆಪ್ಟೆಂಬರ್ ಮೊದಲ ವಾರ ತೆಗೆದು ಒಂದು ದಿನ ನೀರಲ್ಲಿ ನೆನೆಸಿ. ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ, ಡಬ್ಬಿಗೆ ಹಾಕಿ, ಮತ್ತೆ ಫ್ರಿಜ್‌ನಲ್ಲಿ ಎಂಟು ವಾರ. ಫ್ರೀಜರ್‌ನಲ್ಲಿ ಅಲ್ಲ, ಕೆಳಗೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ, ಮನೆಯವರಿಗೂ ಹೇಳಿಡಿ. ವಾರಕ್ಕೊಮ್ಮೆ ತೆರೆದು ಬೂಷ್ಟು ಬಂದಿದೆಯಾ ನೋಡಿ. ನವೆಂಬರ್ ಮೊದಲ ವಾರ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಆಗ ರಾತ್ರಿ ತಂಪಾಗುತ್ತಾ ಬರುತ್ತದೆ, ಗುಲಾಬಿ ಮೊಳಕೆಗೆ ಅದೇ ಹಿತ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಸಸಿಗೆ ಹಾಕಬೇಡಿ, ಎಲೆ ಬಿಳುಚಿಕೊಳ್ಳುತ್ತದೆ. ಹಿಡಿದಿಟ್ಟ ಮಳೆ ನೀರಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ನಲ್ಲಿ ನೀರು. ಮೇಲಿಂದ ಸುರಿಯಬೇಡಿ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಕೊಳ್ಳಲು ಬಿಡಿ. ಎಳೆ ಸಸಿಗಳು ಬುಡ ಕೊಳೆತು ಬೀಳುವುದು ಹೆಚ್ಚಾಗಿ ಮೇಲ್ಮಣ್ಣಿನ ತೇವದಿಂದ.

ಮೊಳಕೆ ಒಂದೇ ದಿನ ಬರುವುದಿಲ್ಲ. ಒಂದು ಮೂರನೇ ವಾರಕ್ಕೆ, ಇನ್ನೊಂದು ಮೂರನೇ ತಿಂಗಳಿಗೆ. ನನ್ನ ಅನುಭವದಲ್ಲಿ ಹತ್ತು ಬೀಜಕ್ಕೆ ಎರಡು ಮೂರು ಮೊಳೆತರೆ ಒಳ್ಳೆ ವರ್ಷ. ಹಾಗಾಗಿ ಒಂದೆರಡು ಹೂವಿಗೆ ನಿಲ್ಲಿಸಬೇಡಿ, ಒಂದೇ ಜೋಡಿಯಲ್ಲಿ ಇಪ್ಪತ್ತು ಹೂವಾದರೂ ಮಾಡಿ. ಐದು ಬೇರೆ ಬೇರೆ ಜೋಡಿ ಮಾಡುವುದಕ್ಕಿಂತ ಒಂದೇ ಜೋಡಿಯ ಐವತ್ತು ಸಸಿ ನಿಮಗೆ ಜಾಸ್ತಿ ಕಲಿಸುತ್ತದೆ.

ಇಷ್ಟಾದ ಮೇಲೆ ಒಂದು ಸಂತೋಷ ಕಾದಿದೆ. ವರ್ಷವಿಡೀ ಹೂ ಬಿಡುವ ಜಾತಿಯ ಸಸಿಯಾದರೆ ಮೊಳೆತು ಎರಡು ತಿಂಗಳೊಳಗೇ, ಗೇಣುದ್ದ ಇರುವಾಗಲೇ ಮೊದಲ ಮೊಗ್ಗು ಇಡುತ್ತದೆ. ರೂಪಾಯಿ ನಾಣ್ಯದಷ್ಟು ಹೂವು, ಐದೋ ಹತ್ತೋ ಎಸಳು. ಅದನ್ನು ನೋಡಿ ತೀರ್ಪು ಕೊಡಬೇಡಿ. ಗಿಡ ಬಲಿತಂತೆ ಎಸಳು ಹೆಚ್ಚುತ್ತದೆ, ಬಣ್ಣವೂ ಗಟ್ಟಿಯಾಗುತ್ತದೆ. ಎರಡು ಮೂರು ವರ್ಷ ನೋಡಿ. ವರ್ಷಕ್ಕೊಂದೇ ಸಲ ಬಿಡುವ ಗಿಡದ ರಕ್ತ ಇದ್ದರೆ ಮೊದಲ ಹೂವಿಗೇ ಎರಡು ಮೂರು ವರ್ಷ ಕಾಯಬೇಕಾಗಬಹುದು. ಬೂದಿ ರೋಗ, ಕಪ್ಪು ಚುಕ್ಕೆ ರೋಗ ಬಂದರೆ ಔಷಧಿ ಹೊಡೆದು ಕಾಪಾಡಬೇಡಿ. ನನಗೆ ಇದು ಕಟುವಾದ ನಿಯಮ, ಆದರೂ ಪಾಲಿಸುತ್ತೇನೆ. ನಮ್ಮ ಬಿಸಿಲಿಗೂ ರೋಗಕ್ಕೂ ತಾನಾಗಿ ನಿಲ್ಲುವ ಸಸಿಯೇ ನಮಗೆ ಬೇಕಾದದ್ದು. ಆರಿಸಿದ ಸಸಿಯನ್ನು ಕಣ್ಣು ಕಸಿ ಮಾಡಿ, ಅಂದರೆ ಅದರ ಚಿಗುರು ಕಣ್ಣನ್ನು ಬೇರೆ ಗುಲಾಬಿ ಗಿಡದ ಕಡ್ಡಿಗೆ ಕೂರಿಸಿ, ಹೆಚ್ಚಿಸಿಕೊಳ್ಳಿ. ಅದರ ಬೀಜ ಬಿತ್ತಿದರೆ ಮತ್ತೆ ಬೇರೆಯದೇ ಹೂವು ಬರುತ್ತದೆ.

ಹಾಗಾದರೆ ಗ್ಲಾಡಿಯೇಟರ್ ಬಣ್ಣಕ್ಕೆ ಪನ್ನೀರಿನ ಘಮ ಬರುತ್ತದಾ? ಬರಬಹುದು, ಮೊದಲ ಕಾಯಲ್ಲೇ ಬರುವುದು ಅಪರೂಪ. ಇದು ಹೋಳಿ ಬಣ್ಣ ಕಲಸಿದ ಹಾಗಲ್ಲ. ಒಂದೇ ಕಾಯಿಯ ಹತ್ತು ಬೀಜ ಹತ್ತು ಬೇರೆ ಬೇರೆ ಗಿಡ, ಒಂದೇ ಮನೆಯ ಅಣ್ಣ ತಂಗಿಯರ ಹಾಗೆ. ಘಮ ಒಂದೇ ವಸ್ತುವಿನಿಂದ ಆಗುವುದಲ್ಲ, ಹಲವು ಸೇರಬೇಕು. ಮೊದಲ ತಲೆಮಾರಿನಲ್ಲಿ ಘಮ ಅಡಗಿಕೊಂಡರೂ ಆ ಸಸಿಗಳಲ್ಲಿ ಎರಡನ್ನು ತಮ್ಮಲ್ಲೇ ಸೇರಿಸಿದರೆ, ಇಲ್ಲವೇ ಒಂದನ್ನು ಮತ್ತೆ ಪನ್ನೀರಿಗೆ ಸೇರಿಸಿದರೆ ಹೊರಗೆ ಬರಬಹುದು. ಬೇಡದ್ದೂ ಜೊತೆಗೆ ಬರುತ್ತದೆ. ಫ್ರಾನ್ಸ್‌ನ ಲಿಯಾನ್‌ನಲ್ಲಿ ಪೆರ್ನೆ-ಡುಷೆ ಎಂಬವರು ಪರ್ಷಿಯಾ ಕಡೆಯ ಹಳದಿ ಗುಲಾಬಿಯನ್ನು ತೋಟದ ಗುಲಾಬಿಗೆ ಸೇರಿಸಲು ವರ್ಷಗಟ್ಟಲೆ ದುಡಿದು, 1900ರಲ್ಲಿ 'ಸೊಲೇಯ್ ಡಾರ್' ಕೊಟ್ಟರು. ಇವತ್ತಿನ ಕಡು ಹಳದಿ, ಕಿತ್ತಳೆ ಗುಲಾಬಿಗಳ ಹಿಂದೆ ಅದರ ರಕ್ತ ಇದೆ. ಅವುಗಳಲ್ಲಿ ಕಪ್ಪು ಚುಕ್ಕೆ ರೋಗ ಜಾಸ್ತಿ ಕಾಣುವುದಕ್ಕೂ ಆ ಹಳದಿ ಮೂಲವೇ ಕಾರಣ.

ನೀಲಿ ಬೇಡ ಮೇಡಂ. ನೀಲಿ ಹೂವುಗಳಲ್ಲಿರುವ ಡೆಲ್ಫಿನಿಡಿನ್ ಎಂಬ ಬಣ್ಣದ ವಸ್ತುವನ್ನು ಗುಲಾಬಿ ತಯಾರಿಸುವುದೇ ಇಲ್ಲ. ಇಲ್ಲದ್ದನ್ನು ಕ್ರಾಸ್ ಮಾಡಿ ತರಲು ಆಗದು. ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಹಾಕಿ 2004ರಲ್ಲಿ ಅಂಥ ಗುಲಾಬಿ ತೋರಿಸಿತು, 2009ರಲ್ಲಿ ಮಾರಾಟಕ್ಕೆ ತಂದಿತು. ಅದೂ ತಿಳಿ ನೇರಳೆ. ಅಂಗಡಿಯ ಕಡು ನೀಲಿ ಗುಲಾಬಿ ಬಣ್ಣದ ನೀರು ಕುಡಿಸಿದ್ದು. ಆನ್‌ಲೈನ್‌ನಲ್ಲಿ ನೀಲಿ ಗುಲಾಬಿ ಬೀಜ ಅಂತ ಮಾರುವವರಿಗೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಮಾಡಿದವರು ಯಾರಿದ್ದಾರೆ ಅನ್ನಿಸಬಹುದು. ಐಎಎಸ್ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ವೀರು ವೀರರಾಘವನ್, ಪತ್ನಿ ಗಿರಿಜಾ ಜೊತೆ ತಮ್ಮ ಮನೆಯ ತೋಟದಲ್ಲೇ ಹೊಸ ಗುಲಾಬಿ ಮಾಡಿದರು. ಮಣಿಪುರದ ಬೆಟ್ಟದ ರೋಸಾ ಜೈಗ್ಯಾಂಟಿಯಾ, ನಮ್ಮ ದೇಶದ ಬಯಲಿನ ರೋಸಾ ಕ್ಲೈನೋಫಿಲ್ಲಾ ಎಂಬ ಕಾಡು ಗುಲಾಬಿಗಳನ್ನು ಬಳಸಿ, ಬಿಸಿಲಿನ ಸೀಮೆಗೆ ಒಗ್ಗುವ ಗಿಡಗಳನ್ನು ಹುಡುಕಿದರು. ಗೋಧಿ ತಳಿಯ ವಿಜ್ಞಾನಿ ಬಿ.ಪಿ. ಪಾಲ್ ಕೂಡ ದೆಹಲಿಯಲ್ಲಿ ಅನೇಕ ಗುಲಾಬಿ ತಳಿ ಮಾಡಿದವರು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ಪರಿಮಳ, ಅರ್ಕಾ ಸವಿಯಂಥ ತಳಿಗಳು ಬಂದಿವೆ.

ಅಜ್ಜಿಯ ಹೆಸರು ಧಾರಾಳವಾಗಿ ಇಡಿ. ಮನೆಯಲ್ಲಿ ಬೆಳೆಸಿ ನಂಟರಿಗೆ ಕೊಡಲು ಯಾರ ಅಪ್ಪಣೆಯೂ ಬೇಡ. ಮುಂದೆ ನರ್ಸರಿಗೆ ಕೊಟ್ಟು ಹಕ್ಕು ಉಳಿಸಿಕೊಳ್ಳಬೇಕು ಅಂದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. ಆ ಯೋಚನೆ ಇದ್ದರೆ ಮೊದಲೇ ಮಾರಲು ಶುರು ಮಾಡಬೇಡಿ. ಮಾರಾಟ ಶುರುವಾಗಿ ಒಂದು ವರ್ಷ ದಾಟಿದರೆ ಹೊಸ ತಳಿ ಎನ್ನುವ ಅರ್ಹತೆ ಹೋಗುತ್ತದೆ.

ಕೊನೆಗೆ ಆ ಒಂಬತ್ತು ಬೀಜದ ಕುಂಡ. ದಯವಿಟ್ಟು ಖಾಲಿ ಮಾಡಬೇಡಿ. ಅವು ಸತ್ತಿಲ್ಲದಿರಬಹುದು, ಚಳಿಗೆ ಕಾಯುತ್ತಿರಬಹುದು. ತಾರಸಿಯಿಂದ ಇಳಿಸಿ ಮನೆಯ ಉತ್ತರ ದಿಕ್ಕಿನ ನೆರಳಿಗೆ ಇಡಿ, ಮಣ್ಣು ಒಣಗಲು ಬಿಡಬೇಡಿ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಣ್ಣು ನೋಡುತ್ತಿರಿ. ಮೊದಲು ಎರಡು ನುಣುಪಾದ ದುಂಡನೆ ಎಲೆ ಬರುತ್ತದೆ, ಕಳೆ ಅಂತ ಕಿತ್ತುಬಿಟ್ಟೀರಿ. ಅದರ ನಡುವೆ ಅಂಚಿಗೆ ಗರಗಸದ ಹಲ್ಲಿರುವ ಪುಟ್ಟ ಎಲೆ ಬಂದರೆ ಅದು ಗುಲಾಬಿ.